ಕಲ್ಲು ಹುಡುಕೋರು, ಕಲ್ಲು ಓದೋರು: ಇಬ್ಬರ ಜಗಳದಲ್ಲಿ ಊರಿನವರ ಮಾತು ಕೇಳೋರ್ಯಾರು?

ದೇವನಹಳ್ಳಿ ಕೋಟೆಯೊಳಗೆ ಇವತ್ತಿಗೂ ಜನ ವಾಸ ಮಾಡ್ತಾರೆ. ಆ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಏನು ಕಟ್ಟಬಹುದು, ಎಷ್ಟೆತ್ತರ ಕಟ್ಟಬಹುದು ಅನ್ನೋದಕ್ಕೆ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಬೈಲಾ ಇರಬೇಕು. ಕರಡು ಬರೆಯುವಾಗ ಇಂಟ್ಯಾಕ್‌ನಂಥ ಪರಿಣತ ಸಂಸ್ಥೆಗಳ ಜೊತೆ ಚರ್ಚಿಸಬೇಕು ಅಂತ ಕಾನೂನೇ ಹೇಳುತ್ತೆ. ಸಾರ್ವಜನಿಕರ ಸರದಿ ಆಮೇಲೆ: ಕರಡು ಪ್ರಕಟವಾದ 30 ದಿನದೊಳಗೆ ಆಕ್ಷೇಪಣೆ ಕಳಿಸಬಹುದು.

ನಾನು ಓದಿದ್ದು ಇಂಜಿನಿಯರಿಂಗ್. ಡಿಸೈನ್ ಮುಗಿದ ಮೇಲೆ ಬಳಕೆದಾರರ ಅಗತ್ಯ ಕೇಳಿದರೆ ಏನಾಗುತ್ತೆ ಅಂತ ಯಾವ ಇಂಜಿನಿಯರಿಗೂ ಗೊತ್ತು. ಜಗಳಕ್ಕೆ ಮೂಲ ಇದೇ. ಹವ್ಯಾಸಿಗಳಿಗೆ ತಮ್ಮನ್ನು ಕೊನೆಗೆ ಕರೀತಾರೆ ಅನ್ನೋ ಸಿಟ್ಟು. ತಜ್ಞರಿಗೆ ಇವರು ಅರ್ಧ ಓದಿಕೊಂಡು ಅಡ್ಡ ಬರ್ತಾರೆ ಅನ್ನೋ ಕಿರಿಕಿರಿ.

ತಜ್ಞರ ದೂರು ಸುಳ್ಳಲ್ಲ. ಅಕ್ಷರ ಕಾಣಲಿ ಅಂತ ಶಾಸನಕ್ಕೆ ಬಣ್ಣ ಬಳಿದರೆ ಕಲ್ಲು ಹಾಳಾಗುತ್ತೆ. ಲಿಪಿ ನೋಡಿ ಕಾಲ ಹೇಳೋಕೆ, ಶಕವರ್ಷ ಮತ್ತು ಸಂವತ್ಸರ ತಾಳೆ ನೋಡೋಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ವಾಟ್ಸಾಪ್‌ನಲ್ಲಿ ಓಡಾಡುವ 'ಸಾವಿರ ವರ್ಷದ ಕಲ್ಲು' ಎಷ್ಟೋ ಸಲ ಅಷ್ಟು ಹಳೆಯದಾಗಿರಲ್ಲ.

ಆದರೆ ಇನ್ನೊಂದು ಮುಖವನ್ನೂ ನೋಡಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಶಾಸನಗಳನ್ನು 1905ರ 'ಎಪಿಗ್ರಾಫಿಯಾ ಕರ್ನಾಟಿಕಾ' 9ನೇ ಸಂಪುಟದಲ್ಲಿ ತಾಲ್ಲೂಕುವಾರು ದಾಖಲಿಸಿದ ಬಿ.ಎಲ್. ರೈಸ್ ಮೂಲತಃ ಶಿಕ್ಷಣ ಇಲಾಖೆಯವರು. ಆ ಪಟ್ಟಿ ಹಿಡಿದು ಕಲ್ಲುಗಳು ಈಗೆಲ್ಲಿವೆ ಅಂತ ಹುಡುಕಲು ಹೊರಟವರಲ್ಲಿ ಪಿ.ಎಲ್. ಉದಯಕುಮಾರ್ ಒಬ್ಬರು. ಅವರು ಇಂಜಿನಿಯರ್. ಆ ಹುಡುಕಾಟ ಆಮೇಲೆ ಮಿಥಿಕ್ ಸೊಸೈಟಿಯ 3ಡಿ ಸ್ಕ್ಯಾನಿಂಗ್ ಯೋಜನೆಯಾಯಿತು. ಹುಡುಕೋರು ಮತ್ತು ಓದೋರು ಒಂದೇ ಮೇಜಿನಲ್ಲಿ ಕೂರಬಹುದು ಅನ್ನೋದಕ್ಕೆ ಪುರಾವೆ ಕಣ್ಣೆದುರೇ ಇದೆ.

ಅಸಲಿ ಅಪಾಯ ಕೋಟೆಯ ಹೊರಗಿದೆ. ಈ 30 ದಿನದ ಅವಕಾಶ ಸಿಗೋದು ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿರೋ ಸ್ಮಾರಕಗಳಿಗೆ ಮಾತ್ರ. ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ ನಿಂತಿರೋ ವೀರಗಲ್ಲು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಅದರ ಪರವಾಗಿ ಯಾರನ್ನೂ ಯಾರೂ ಕೇಳಬೇಕಾಗಿಲ್ಲ. ವಿಮಾನ ನಿಲ್ದಾಣದ ಸುತ್ತ ಜಮೀನು ಲೇಔಟ್ ಆಗೋವಾಗ ಅದರ ಹಣೆಬರಹ ಬರೆಯೋದು ಜೆಸಿಬಿ.

ಹಾಗಾಗಿ ನನ್ನ ವಾದ ಇಷ್ಟೇ. ಕರಡು ಬರೆಯೋಕೆ ಮುಂಚೆಯೇ ಗ್ರಾಮಸಭೆಯಲ್ಲಿ, ಕನ್ನಡದಲ್ಲಿ ಚರ್ಚೆ ಆಗಲಿ. ಹವ್ಯಾಸಿಗಳು ಗುರುತಿಸಿದ ಕಲ್ಲುಗಳ ಜಿಪಿಎಸ್ ವಿವರ ಪಂಚಾಯಿತಿ ಆಸ್ತಿ ಪಟ್ಟಿಗೆ ಸೇರಲಿ, ಲೇಔಟ್ ಅನುಮೋದನೆಗೆ ಮುನ್ನ ಯೋಜನಾ ಪ್ರಾಧಿಕಾರ ಅದನ್ನು ನೋಡಲೇಬೇಕು. ಪಾಠ ಮತ್ತು ಕಾಲನಿರ್ಣಯದ ಕೊನೆಯ ಮಾತು ಶಾಸನತಜ್ಞರದ್ದೇ ಇರಲಿ. ಕೋಟೆಯೊಳಗಿನ ಮನೆಯವರಿಗೂ, ಕಲ್ಲಿಗೆ ಅರಿಶಿನ-ಕುಂಕುಮ ಹಚ್ಚಿ ಇಷ್ಟು ದಿನ ಉಳಿಸಿಕೊಂಡ ಊರಿನವರಿಗೂ ಆ ಸಭೆಯಲ್ಲಿ ಕುರ್ಚಿ ಬೇಕು. ನಿಮ್ಮೂರಲ್ಲಿ ಅಂಥ ಕಲ್ಲಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ನೀವೇ ವಿಷಯ ಎತ್ತಿ.