ಹಳೆಯ ಫಿಯೆಟ್ ಕಾರಿನ ಜೋತ ಬಂಪರು

ಇಟಲಿಯ ಮೋಟಾರುಗಾಡಿಯೆಂದೊಡನೆ ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿದ್ದು, ನೋಡನೋಡುತ್ತಿರುವಂತೆ ಮರೆಯಾಗುವ ಕ್ರೀಡಾ ಕಾರನ್ನು ನೆನೆಯುವುದು ವಾಡಿಕೆ. ಅಂಥ ಕಾರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬೀದಿಯಲ್ಲಿ ಕಾಣಸಿಗುವುದು ಅಪರೂಪ. ಆದರೆ ಇಟಲಿಯಲ್ಲಿ ಹುಟ್ಟಿದ ಇನ್ನೊಂದು ಕಾರು ಈ ಸೀಮೆಗೆ ಬಹಳ ಹಳೆಯ ನೆಂಟ. 1953ರಲ್ಲಿ ಅಲ್ಲಿ ಹೊರಬಂದ ಫಿಯೆಟ್ 1100ರ ಮಾದರಿಯೇ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗತೊಡಗಿ, 1974ರಿಂದ ‘ಪದ್ಮಿನಿ’ ಎಂಬ ಹೆಸರನ್ನು ಹೊತ್ತು, 2001ರಲ್ಲಿ ನಿಂತುಹೋಯಿತು. ಕೋಲಾರದ ಚಿನ್ನದ ಗಣಿ ಮುಚ್ಚಿದ್ದೂ ಅದೇ ವರ್ಷ. 1089 ಘನ ಸೆಂಟಿಮೀಟರಿನ ಪುಟ್ಟ ಎಂಜಿನಿನ ಈ ಸಂಸಾರದ ಕಾರನ್ನು ಕ್ರೀಡಾ ಕಾರೆಂದು ಕರೆಯಲಾಗದು. ಆದರೂ ಮದರಾಸಿನ ಬಳಿ ಶೋಲಾವರಂನ ಹಳೆಯ ವಿಮಾನದಾರಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಫಿಯೆಟ್ಟುಗಳು ಓಡುತ್ತಿದ್ದವೆಂಬುದನ್ನು ಅದರ ಅಭಿಮಾನಿಗಳು ಇಂದಿಗೂ ಮರೆತಿಲ್ಲ.

ಉಳಿದಿರುವ ಈ ಕಾರುಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹಿಂಬದಿಯ ಬಂಪರು ಒಂದು ಪಕ್ಕಕ್ಕೋ, ಎರಡು ಪಕ್ಕಕ್ಕೂ ಸೇರಿಯೋ, ಜೋತುಬಿದ್ದಿರುತ್ತದೆ. ನೋಡಲು ಅಂದಗೇಡು, ಅಷ್ಟೇ ತಾನೆ ಎಂದು ಬಹುಮಂದಿ ತಂತಿಯಿಂದ ಎತ್ತಿ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟುವುದು ಏಕೆ ಸಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಜೋತಿರುವುದು ಬಂಪರೋ ಅಥವಾ ಕಾರಿನ ಹಿಂಭಾಗವೋ ಎಂಬುದನ್ನು ನಿರ್ಧರಿಸಬೇಕು. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಡಿಕ್ಕಿಯ ತುಂಬ ಹಣ್ಣಿನ ಪೆಟ್ಟಿಗೆಗಳನ್ನು ಹೇರುವುದು ಸಾಮಾನ್ಯ. ವರ್ಷಗಟ್ಟಲೆ ಈ ಹೊರೆಯನ್ನು ಹೊತ್ತ ಪಟ್ಟಿ ಸ್ಪ್ರಿಂಗುಗಳು ತಮ್ಮ ಬಾಗನ್ನು ಕಳೆದುಕೊಂಡರೆ ಬಂಪರು ತಾನು ಅಲುಗದೆಯೇ ನೆಲಕ್ಕೆ ಹತ್ತಿರವಾಗುತ್ತದೆ. ಇದನ್ನು ತಿಳಿಯುವ ಬಗೆ ಸುಲಭ. ಸಮನಾದ ಗಾರೆ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿ, ಬಂಪರಿಗೂ ಕಾರಿನ ಮೈಗೂ ನಡುವಣ ಸಂದನ್ನು ಎರಡು ತುದಿಗಳಲ್ಲಿಯೂ ಅಳೆಯಬೇಕು. ಸಂದು ಮೊದಲಿನಂತೆಯೇ ಇದ್ದು ನೆಲದಿಂದ ಎತ್ತರ ಮಾತ್ರ ತಗ್ಗಿದ್ದರೆ ತಪ್ಪು ಸ್ಪ್ರಿಂಗಿನದು. ಸಂದೇ ಹಿಗ್ಗಿದ್ದರೆ ಬಂಪರಿನ ಕಡೆ ತಿರುಗತಕ್ಕದ್ದು. ನೆಲ ಸಮನಾಗಿದೆಯೇ ಎಂಬ ಸಂದೇಹವಿದ್ದಲ್ಲಿ, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯೊಂದು ಸಾಕು. ಅದರ ಎರಡು ತುದಿಯ ನೀರೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಇನ್ನು ಬಂಪರಿನ ವಿಚಾರ. ಕಾರಿನ ಮೈಯಿಂದ ಹೊರಚಾಚಿದ ಎರಡು ಕಬ್ಬಿಣದ ತೋಳುಗಳ ತುದಿಗೆ ಅದನ್ನು ಬಿಗಿಯಲಾಗಿರುತ್ತದೆ. ತೋಳಿನ ಒಂದು ಕೊನೆ ಮಾತ್ರ ನೆಲೆಯಾಗಿದ್ದು ಇನ್ನೊಂದು ಗಾಳಿಯಲ್ಲಿರುವುದರಿಂದ ಇದು ಸನ್ನೆಕೋಲಿನ ಒಂದು ಬಗೆಯೇ ಸರಿ. ಲೆಕ್ಕಕ್ಕೆ ಅನುಕೂಲವಾಗುವಂತೆ ಬಂಪರಿನ ತೂಕ 8 ಕಿಲೋಗ್ರಾಂ ಎಂದೂ, ತೋಳಿನ ಉದ್ದ 20 ಸೆಂಟಿಮೀಟರ್ ಎಂದೂ, ತೋಳಿನ ಬುಡದಲ್ಲಿ ಮೇಲೊಂದು ಕೆಳಗೊಂದು ಬೋಲ್ಟು 4 ಸೆಂಟಿಮೀಟರ್ ಅಂತರದಲ್ಲಿವೆಯೆಂದೂ ಇಟ್ಟುಕೊಳ್ಳೋಣ. ಒಂದು ತೋಳಿನ ಪಾಲಿಗೆ ಬರುವುದು 4 ಕಿಲೋಗ್ರಾಂ ತೂಕ. ಆದರೆ ಉದ್ದದಲ್ಲಿ 20ಕ್ಕೆ 4ರಂತೆ ಐದು ಪಟ್ಟು ವ್ಯತ್ಯಾಸವಿರುವುದರಿಂದ ಮೇಲಿನ ಬೋಲ್ಟನ್ನು ಎಳೆಯುವ ಬಲ 20 ಕಿಲೋಗ್ರಾಂ ತೂಕದಷ್ಟಾಗುತ್ತದೆ. ಕಾರು ರಸ್ತೆಯುಬ್ಬಿನ ಮೇಲೆ ಕುಪ್ಪಳಿಸುವಾಗ ಇದು ಕ್ಷಣಕಾಲ ಎರಡು ಮೂರು ಪಟ್ಟು ಏರಬಹುದು. 60 ಕಿಲೋಗ್ರಾಂ ತೂಕದ ಮನುಷ್ಯನೊಬ್ಬನು ಬಂಪರಿನ ನಡುವೆ ಹತ್ತಿ ನಿಂತನೆಂದರೆ (ಚಾವಣಿಯ ಮೇಲೆ ಮೂಟೆ ಕಟ್ಟುವವರು ಹಾಗೆಯೇ ಮಾಡುವುದು) ಒಂದೊಂದು ಬೋಲ್ಟಿಗೂ ಇನ್ನು 150 ಕಿಲೋಗ್ರಾಂ ತೂಕದ ಎಳೆತ ಕೂಡಿಕೊಳ್ಳುತ್ತದೆ.

ಇಷ್ಟಾದರೂ ಬೋಲ್ಟು ಸೋಲುವುದಿಲ್ಲ. 8 ಮಿಲಿಮೀಟರ್ ದಪ್ಪದ ಸಾಧಾರಣ ಉಕ್ಕಿನ ಬೋಲ್ಟು ಸಾವಿರ ಕಿಲೋಗ್ರಾಂ ತೂಕಕ್ಕೂ ತುಂಡಾಗದು. ಸೋಲುವುದು ಅದು ಹಿಡಿದುಕೊಂಡಿರುವ ತಗಡು. ಜೀಪಿನಂಥ ವಾಹನದಲ್ಲಿ ದಪ್ಪ ಉಕ್ಕಿನ ಚಾಸಿ ಬೇರೆ, ಅದರ ಮೇಲೆ ಕುಳಿತ ಮೈ ಬೇರೆ. ಫಿಯೆಟ್ 1100ರಲ್ಲಿಯಾದರೋ ಹಾಗಲ್ಲ. ತೆಳುವಾದ ತಗಡನ್ನು ಪೆಟ್ಟಿಗೆಯಂತೆ ಮಡಿಸಿ ಬೆಸೆದ ಮೈಯೇ ಚಾಸಿಯ ಕೆಲಸವನ್ನೂ ಮಾಡುತ್ತದೆ. ಕಡಿಮೆ ತೂಕದಲ್ಲಿ ಹೆಚ್ಚು ಬಿಗುವನ್ನು ಕೊಡುವ ಈ ಏರ್ಪಾಡು ಬಹಳ ಜಾಣತನದ್ದು. ಆದರೆ ಅದು ತುಕ್ಕನ್ನು ಸಹಿಸದು.

ಕೋಲಾರ ಮಳೆ ಕಡಿಮೆಯ ಸೀಮೆ, ಇಲ್ಲಿ ತುಕ್ಕೆಲ್ಲಿಯದು ಎಂದು ಕೇಳಬಹುದು. ಚಕ್ರಗಳು ಎರಚಿದ ಕೆಸರು ಪೆಟ್ಟಿಗೆಯ ಸಂದಿಗೊಂದಿಗಳಲ್ಲಿ ಸೇರಿಕೊಂಡು, ಹೊರಗೆಲ್ಲ ಒಣಗಿದ ಮೇಲೂ ಒಳಗೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ತೇವ ಹೊರಹೋಗಲೆಂದು ಬಿಟ್ಟ ತೂತುಗಳೂ ಅದೇ ಕೆಸರಿನಿಂದ ಮುಚ್ಚಿಹೋಗುತ್ತವೆ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಮೀರಿದ ಜಾಗವನ್ನು ಕೇಳುವುದರಿಂದ ಬೆಸುಗೆಯ ಸಂದುಗಳನ್ನು ಒಳಗಿನಿಂದಲೇ ಬಿರಿಸಿ ತೆರೆಯುತ್ತದೆ. ಇದರ ಪರಿಣಾಮವನ್ನು ನಾವು ಸಾಮಾನ್ಯವಾಗಿ ಬಹಳ ಕಡಿಮೆಯಾಗಿ ಅಂದಾಜು ಮಾಡುತ್ತೇವೆ. ಬಾಗದಂತೆ ತಡೆಯುವ ತಗಡಿನ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾದುದು. ಅಡಿಪಟ್ಟಿಯನ್ನು ಅಗಲವಾಗಿ ಹಿಡಿದು ಬಗ್ಗಿಸುವುದು ಎಷ್ಟು ಸುಲಭ, ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸುವುದು ಎಷ್ಟು ಕಷ್ಟ ಎಂಬುದನ್ನು ಓದುಗರು ನೆನೆಯಬಹುದು. ತುಕ್ಕು ತಗಡಿನ ಅರ್ಧ ದಪ್ಪವನ್ನು ತಿಂದರೆ ಉಳಿಯುವ ಬಿಗುವು ಅರ್ಧವಲ್ಲ, ಎಂಟನೆಯ ಒಂದು ಪಾಲು. ಅಂಥ ತಗಡು ಬೋಲ್ಟಿನ ಸುತ್ತ ಬರಿಯ 2 ಮಿಲಿಮೀಟರ್ ಒಳಸರಿದರೂ, ಅದೇ ಐದು ಪಟ್ಟಿನ ನಿಯಮದಂತೆ ಬಂಪರು 1 ಸೆಂಟಿಮೀಟರ್ ಇಳಿಯುತ್ತದೆ. ಹೀಗೆ ಜೋತ ಬಂಪರು ಒಂದು ಬಗೆಯ ಅಳತೆಯ ಮುಳ್ಳು. ಕಣ್ಣಿಗೆ ಕಾಣದ ಒಳಗಿನ ಸವೆತವನ್ನು ಹಿಗ್ಗಿಸಿ ಹೊರಗೆ ತೋರಿಸುತ್ತದೆ.

ಕೋಲಾರದ ಷೆಡ್ಡೊಂದರಲ್ಲಿ ಇಂಥ ಒಂದು ಪದ್ಮಿನಿಯನ್ನು ನಾವು ನೋಡಿದೆವು. ಮುಳಬಾಗಿಲಿನ ಕಡೆಯ ಮಾವಿನ ತೋಟದವರದು. ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ತಪಾಸಣೆಗೆ ಇನ್ನೊಂದು ವಾರವಿತ್ತು. ಅಲ್ಲಿಯವರೆಗೆ ತಂತಿ ಬಿಗಿದು ಬಣ್ಣ ಬಳಿದುಕೊಟ್ಟರೆ ಸಾಕೆಂಬುದು ಅವರ ಅಪೇಕ್ಷೆ. ಷೆಡ್ಡಿನ ಹಿರಿಯ ಕೆಲಸಗಾರರು ಸಣ್ಣ ಸುತ್ತಿಗೆಯಿಂದ ಡಿಕ್ಕಿಯ ಕೆಳಗಿನ ಪೆಟ್ಟಿಗೆಯನ್ನು ಅಲ್ಲಲ್ಲಿ ತಟ್ಟುತ್ತ ಬಂದರು. ಗಟ್ಟಿ ತಗಡು ಠಣ್ಣೆಂದಿತು. ತೋಳಿನ ಬುಡದಲ್ಲಿ ಸದ್ದು ಸತ್ತುಹೋಯಿತು. ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದರೆ ಅದು ಒಳಗೇ ಹೋಯಿತು. “ಬಂಪರಿಗೇನೂ ಆಗಿಲ್ಲ ಮೇಷ್ಟ್ರೇ, ಬುಡವೇ ಇಲ್ಲ” ಎಂದರು. ತಂತಿಯ ಮಾತು ಅಲ್ಲಿಗೆ ನಿಂತಿತು. ಆ ಕಾರು ದಿನವೂ ಓಡಾಡುತ್ತಿದ್ದುದು ಬೆಂಗಳೂರಿಗೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ. ನರಸಾಪುರದ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಅಲ್ಲಿ ಕಾರಿನ ಬೆನ್ನ ಹಿಂದೆಯೇ ಬೈಕುಗಳು ಸಾಲುಗಟ್ಟಿರುತ್ತವೆ. 8 ಕಿಲೋಗ್ರಾಂ ಕಬ್ಬಿಣ ಕಳಚಿ ಅವುಗಳ ಮುಂದೆ ಬೀಳುವುದನ್ನು ತಂತಿ ಎಷ್ಟು ದಿನ ತಡೆದೀತು? ಮೇಲಾಗಿ ಅದುರಾಟಕ್ಕೆ ಸಿಕ್ಕಿದ ತಂತಿ ಒಂದೇ ಕಡೆ ಮತ್ತೆ ಮತ್ತೆ ಬಾಗಿ ತುಂಡಾಗುವುದು ನಿಶ್ಚಯ. ಒಂದೇ ಸಲಕ್ಕೆ ಮುರಿಯಲಾರದ ಹೊರೆಯೂ ಲಕ್ಷಾಂತರ ಸಲ ಮರುಕಳಿಸಿದರೆ ಲೋಹವನ್ನು ಮುರಿಯುತ್ತದೆಂಬುದನ್ನು ಜರ್ಮನಿಯ ವೋಲರ್ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ನಡೆಸಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದನು.

ನಿಜವಾದ ಇಟಲಿಯ ಕ್ರೀಡಾ ಕಾರುಗಳೂ ಈ ತೊಂದರೆಯಿಂದ ದೂರವಿಲ್ಲ. 1970ರ ದಶಕದಲ್ಲಿ ಅಮೆರಿಕ ಸರಕಾರವು, ಗಂಟೆಗೆ 5 ಮೈಲಿ, ಎಂದರೆ ಸುಮಾರು 8 ಕಿಲೋಮೀಟರ್ ವೇಗದ ಗುದ್ದನ್ನು ಬಂಪರು ತಾಳಬೇಕೆಂದು ನಿಯಮ ಮಾಡಿತು. 900 ಕಿಲೋಗ್ರಾಮಿನ ಕಾರಿಗೆ ಆ ವೇಗದಲ್ಲಿರುವ ಶಕ್ತಿ, ಅದೇ ಕಾರನ್ನು 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಎತ್ತರದಿಂದ ಕೆಡವಿದಷ್ಟು. ಇದಕ್ಕಾಗಿ ಫಿಯೆಟ್ 124 ಸ್ಪೈಡರ್, ಆಲ್ಫಾ ರೋಮಿಯೋ ಸ್ಪೈಡರ್ ಮೊದಲಾದ ಹಗುರ ಕಾರುಗಳಿಗೆ ಭಾರಿ ಬಂಪರುಗಳು ಬಂದವು. ತೂಕವೂ ಹೆಚ್ಚು, ಮೈಯಿಂದ ಚಾಚಿಕೆಯೂ ಹೆಚ್ಚು. ಬುಡದ ಮೇಲಿನ ಭಾರ ಈ ಎರಡರ ಗುಣಲಬ್ಧದಂತೆ ಏರಿತು. ಪಾಲಿಯೂರೆಥೇನ್‌ನಂಥ ಮೆತು ಪದಾರ್ಥದ ಬಂಪರುಗಳಲ್ಲಿ ಇನ್ನೊಂದು ಕೀಟಲೆಯುಂಟು. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಎಷ್ಟು ಬಿಗಿದು ಕಟ್ಟಿದರೂ ದಿನಕಳೆದಂತೆ ಜೋಲುವಂತೆ, ಇವೂ ತಮ್ಮ ಭಾರಕ್ಕೆ ತಾವೇ ನಿಧಾನವಾಗಿ ಹರಿದು ಇಳಿಯುತ್ತವೆ; ಬಿಸಿಲು ಈ ಹರಿವನ್ನು ತ್ವರೆಗೊಳಿಸುತ್ತದೆ.

ಮತ್ತೆ ಪದ್ಮಿನಿಗೆ ಬರೋಣ. ಬೋಲ್ಟು ಸಡಿಲಿಸುವ ಮೊದಲು ಬಂಪರಿನ ಕೆಳಗೆ ಮರದ ದಿಮ್ಮಿ ಕೊಡಬೇಕು. ಬಾಗಿದ ತೋಳನ್ನು ಬಿಚ್ಚಿ ಬೇರೆಯಾಗಿ ನೇರಮಾಡತಕ್ಕದ್ದು. ಬಂಪರಿಗೆ ಗ್ಯಾಸಿನ ಉರಿ ಹಿಡಿದರೆ ಕೂದಲೆಳೆಗಿಂತಲೂ ಎಷ್ಟೋ ತೆಳುವಾದ ಕ್ರೋಮಿಯಂ ಲೇಪ ಕೆಟ್ಟು ಅಲ್ಲಿಂದಲೇ ತುಕ್ಕು ಮೊದಲಾಗುತ್ತದೆ. ಸವೆದ ತಗಡನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕು. ಹಳೆಯ ತುಕ್ಕಿನ ಮೇಲೆ ತೇಪೆ ಹಾಕುವುದು ದುಡ್ಡಿನ ದಂಡ.

ಈ ಕಾರುಗಳಲ್ಲಿ ಪೆಟ್ರೋಲಿನ ಟ್ಯಾಂಕು ಇರುವುದೂ ಹಿಂಭಾಗದಲ್ಲಿಯೇ. ಟ್ಯಾಂಕು ಖಾಲಿಯಾಗಿದೆ, ಭಯವಿಲ್ಲ ಎಂದು ಬೆಸುಗೆಗೆ ತೊಡಗುವವರುಂಟು. ವಸ್ತುಸ್ಥಿತಿ ಇದಕ್ಕೆ ತಿರುಗುಮುರುಗು. ಉರಿಯುವುದು ದ್ರವವಲ್ಲ, ಗಾಳಿಯೊಡನೆ ಬೆರೆತ ಆವಿ. ನೂರು ಭಾಗದಲ್ಲಿ ಸುಮಾರು 1.4ರಿಂದ 7.6 ಭಾಗದವರೆಗೆ ಆವಿಯಿದ್ದರೆ ಆ ಮಿಶ್ರಣ ಒಂದೇ ಕಿಡಿಗೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆಯೇ ಕಡಿಮೆ. ಬರಿದಾದ ಟ್ಯಾಂಕೇ ಹೆಚ್ಚು ಅಪಾಯದ್ದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ತೂಕದ್ದಾದುದರಿಂದ ಮೇಲೇರಿ ಹೋಗದೆ ಷೆಡ್ಡಿನ ಗುಂಡಿಯಲ್ಲಿ ಮಡುಗಟ್ಟಿಕೊಳ್ಳುತ್ತದೆ. ಆದಕಾರಣ ಟ್ಯಾಂಕನ್ನು ಪೂರ್ತಿಯಾಗಿ ಬಿಚ್ಚಿ ಷೆಡ್ಡಿನ ಹೊರಗೆ ದೂರದಲ್ಲಿಟ್ಟು, ಬ್ಯಾಟರಿಯ ತಂತಿಯನ್ನು ಕಳಚಿದ ಮೇಲೆಯೇ ಬೆಸುಗೆಯ ಮಾತು. ಅದಾಗದಿದ್ದರೆ ಕೆಲಸವನ್ನು ಮುಂದೂಡುವುದೇ ಸರಿ.

ತಗಡಿನ ಒಳಮಗ್ಗುಲಿಗೆ, ಬೋಲ್ಟಿನ ತಲೆಯ ಅಡಿಯಲ್ಲಿ, ಅಂಗೈ ಅಗಲದ 3 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯನ್ನು ಕೊಡುವುದು ಒಳ್ಳೆಯದು. ಎಳೆತ ಅಷ್ಟೇ ಇದ್ದರೂ ಅದು ಅಗಲವಾದ ಜಾಗದ ಮೇಲೆ ಹಂಚಿಹೋಗುವುದರಿಂದ ತಗಡು ತಗ್ಗುವುದಿಲ್ಲ. ಬೆಸುಗೆಯ ಒಳಗೂ ಹೊರಗೂ ತುಕ್ಕುತಡೆ ಬಣ್ಣ ಹಚ್ಚಿ, ಮುಚ್ಚಿಹೋದ ತೂತುಗಳನ್ನು ತೆರೆದು ಬಿಡಬೇಕು. ಬಿಗಿದ ನಟ್ಟಿನಿಂದ ಪಟ್ಟಿಯವರೆಗೆ ಅಡ್ಡಲಾಗಿ ಬಿಳಿಯ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಐನೂರು ಕಿಲೋಮೀಟರ್ ಓಡಿದ ಮೇಲೆ ಬಗ್ಗಿ ನೋಡಿದಾಗ ಗೆರೆ ತುಂಡಾಗಿದೆಯೇ ಕೂಡಿದೆಯೇ ಎಂಬುದರಿಂದಲೇ ನಟ್ಟು ತಿರುಗಿರುವುದು ತಿಳಿಯುತ್ತದೆ. ತುಂಡಾಗಿದ್ದರೆ ಮತ್ತೊಮ್ಮೆ ಬಿಗಿದು, ಗೆರೆಯನ್ನು ಹೊಸದಾಗಿ ಎಳೆಯತಕ್ಕದ್ದು.