ಭಯಾನಕ ರಸದ ನಾಲ್ವರು: ಬೌಹೌಸ್ ತಂಡದ ಪರಿಚಯ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ನಿರೂಪಿಸುವಾಗ ಭಯಾನಕಕ್ಕೂ ಸಲ್ಲತಕ್ಕ ಸ್ಥಾನವನ್ನು ಕೊಟ್ಟು, ಅದರ ವರ್ಣವು ಕಪ್ಪೆಂದೂ, ವಿಕೃತವಾದ ಧ್ವನಿ, ಭೂತಪಿಶಾಚಗಳ ದರ್ಶನ, ಪಾಳುಮನೆ, ನಿರ್ಜನಾರಣ್ಯ ಮೊದಲಾದುವು ಅದರ ವಿಭಾವಗಳೆಂದೂ ಹೇಳಿರುವನು. ನಿತ್ಯಜೀವನದಲ್ಲಿ ಯಾವುದರಿಂದ ನಾವು ದೂರ ಓಡಲು ಬಯಸುವೆವೋ ಅದೇ ಭಾವವು ಕಲೆಯ ಸಂಸ್ಕಾರವನ್ನು ಪಡೆದು ಎದುರಿಗೆ ಬಂದಾಗ ಆಸ್ವಾದ್ಯವಾಗುವುದೆಂಬ ಈ ತತ್ತ್ವವು ಒಂದು ದೇಶಕ್ಕಾಗಲಿ ಒಂದು ಕಾಲಕ್ಕಾಗಲಿ ಮೀಸಲಾದುದಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ 1764ರಲ್ಲಿ ಹೊರೇಸ್ ವಾಲ್‌ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಕಾದಂಬರಿಯಿಂದ ಮೊದಲಾಗಿ, 1818ರಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’, 1897ರಲ್ಲಿ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಇವುಗಳ ಮೂಲಕ ಬೆಳೆದುಬಂದ ‘ಗಾಥಿಕ್’ ಪರಂಪರೆಯು ಇದಕ್ಕೆ ಸಾಕ್ಷಿ. ಆ ಪರಂಪರೆಯು ಇಪ್ಪತ್ತನೆಯ ಶತಮಾನದ ಎಂಟನೆಯ ದಶಕದ ಕೊನೆಯಲ್ಲಿ ಗಿಟಾರು ಡ್ರಮ್ಮುಗಳ ರಾಕ್ ಸಂಗೀತವನ್ನು ಪ್ರವೇಶಿಸಿ ‘ಗಾಥ್ ರಾಕ್’ ಎಂಬ ಹೆಸರನ್ನು ಪಡೆದುದು ಆಧುನಿಕ ಕಲೆಯ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ. ಆ ಪ್ರವೇಶಕ್ಕೆ ಬಾಗಿಲು ತೆರೆದವರಲ್ಲಿ ಪ್ರಮುಖರಾದ ನಾಲ್ವರು ಇಂಗ್ಲಿಷ್ ತರುಣರ ತಂಡ ‘ಬೌಹೌಸ್’. ಅವರ ಸಾಧನೆಯ ಕಿರುಪರಿಚಯವು ಈ ಲೇಖನದ ಉದ್ದೇಶ.

ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ನೀನ್ ನದಿಯ ತೀರದಲ್ಲಿರುವ ನಾರ್ತಾಂಪ್ಟನ್ ಶತಮಾನಗಳಿಂದ ಚರ್ಮದ ಪಾದರಕ್ಷೆಗಳ ತಯಾರಿಕೆಗೆ ಹೆಸರಾದ ಊರು. ರಾಜಧಾನಿಯ ಸಡಗರವಾಗಲಿ, ಬಂದರುಪಟ್ಟಣಗಳ ಬಹುಜನಸಂಪರ್ಕವಾಗಲಿ ಅದಕ್ಕಿಲ್ಲ. ಅಲ್ಲಿ ಶಾಲೆಯ ದಿನಗಳಿಂದಲೂ ಸ್ನೇಹಿತರಾಗಿದ್ದವರು ಡೇನಿಯಲ್ ಆಶ್ ಮತ್ತು ಪೀಟರ್ ಮರ್ಫಿ. ಆಶ್ ಅವರು ಕಲಾಶಾಲೆಗೆ ಹೋಗಿ ಗಿಟಾರು ಹಿಡಿದರು. ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬದ ಮರ್ಫಿಯವರು ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದರು. ಡೇವಿಡ್ ಮತ್ತು ಕೆವಿನ್ ಹ್ಯಾಸ್ಕಿನ್ಸ್ ಎಂಬ ಸಹೋದರರೊಡನೆ ಆಶ್ ಅವರು ಮೊದಲು ಕಟ್ಟಿದ್ದ ತಂಡವು ಮುರಿದುಬಿದ್ದಾಗ, ಅದುವರೆಗೆ ವೇದಿಕೆಯ ಮೇಲೆ ಹಾಡಿದ ಅನುಭವವೇ ಇಲ್ಲದಿದ್ದ ಮರ್ಫಿಯವರನ್ನು, ಅವರ ಮುಖದ ಕಳೆಯನ್ನೂ ನಿಲುವಿನ ಗತ್ತನ್ನೂ ನಂಬಿ, ಹಾಡುಗಾರರನ್ನಾಗಿ ಕರೆತಂದರು. ಕೆವಿನ್ ಅವರು ಡ್ರಮ್ ನುಡಿಸಲು ಒಪ್ಪಿದರು. ಸ್ವಲ್ಪ ತಡವಾಗಿ ಬಂದು ಸೇರಿದ ಡೇವಿಡ್ ಅವರು, ಮುಂದೆ ಡೇವಿಡ್ ಜೆ ಎಂದು ಪ್ರಸಿದ್ಧರಾದವರು, ಬೇಸ್ ಗಿಟಾರಿನ ಹೊಣೆಯನ್ನು ಹೊತ್ತರು. 1978ರ ಡಿಸೆಂಬರ್ 31ರ ರಾತ್ರಿ, ನೆರೆಯ ಊರಾದ ವೆಲಿಂಗ್‌ಬರೊದ ಒಂದು ಪಬ್ಬಿನಲ್ಲಿ ಈ ನಾಲ್ವರ ಮೊದಲ ಕಛೇರಿ ನಡೆಯಿತು.

ತಂಡಕ್ಕೆ ಡೇವಿಡ್ ಜೆ ಅವರು ಸೂಚಿಸಿದ ಹೆಸರು ‘ಬೌಹೌಸ್ 1919’. ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿಯು ಜರ್ಮನಿಯ ವೈಮಾರ್ ನಗರದಲ್ಲಿ ಅದೇ ಹೆಸರಿನ ಕಲಾಶಾಲೆಯನ್ನು ಸ್ಥಾಪಿಸಿದುದು 1919ರಲ್ಲಿ. ಕೆಲಕಾಲದಲ್ಲಿಯೇ ಇಸವಿಯ ಅಂಕಿಗಳನ್ನು ಕೈಬಿಟ್ಟು ‘ಬೌಹೌಸ್’ ಎಂದಷ್ಟೇ ಉಳಿಸಿಕೊಂಡರು. 1922ರಲ್ಲಿ ಆಸ್ಕರ್ ಶ್ಲೆಮ್ಮರ್ ಎಂಬ ಕಲಾವಿದನು ಆ ಶಾಲೆಗಾಗಿ ಕೆಲವೇ ನೇರಗೆರೆಗಳಲ್ಲಿ ರಚಿಸಿದ್ದ ಮಾನವಮುಖವನ್ನು ತಮ್ಮ ಲಾಂಛನವಾಗಿ ಸ್ವೀಕರಿಸಿದರು. ಅನಾವಶ್ಯಕವಾದ ಅಲಂಕಾರವನ್ನು ಕಳೆದು ವಸ್ತುವಿನ ಮೂಲರೂಪವನ್ನು ಕಾಣಿಸಬೇಕೆಂಬುದು ಆ ಶಾಲೆಯ ಧ್ಯೇಯವಾಗಿದ್ದಿತು. ತಮ್ಮ ಸಂಗೀತದಲ್ಲಿ ಈ ತರುಣರು ಅನುಸರಿಸಿದುದೂ ಅದನ್ನೇ. ಅವರ ಸಿದ್ಧಿಯ ಮರ್ಮವು ಈ ಮಿತವ್ಯಯದಲ್ಲಿದೆ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಮೊದಲ ಕಛೇರಿ ನಡೆದು ಒಂದು ತಿಂಗಳು ತುಂಬುವ ಮೊದಲೇ, 1979ರ ಜನವರಿ 26ರಂದು, ನಾಲ್ವರೂ ವೆಲಿಂಗ್‌ಬರೊದ ಬೆಕ್ ಸ್ಟುಡಿಯೊ ಎಂಬ ಸಣ್ಣ ಧ್ವನಿಮುದ್ರಣ ಶಾಲೆಯಲ್ಲಿ ಕೂಡಿ, ಒಂದೇ ಪ್ರಯತ್ನದಲ್ಲಿ ನುಡಿಸಿ ಮುಗಿಸಿದ ಹಾಡು ‘ಬೆಲಾ ಲುಗೋಸೀಸ್ ಡೆಡ್’. ಹಂಗೆರಿಯಲ್ಲಿ 1882ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, 1931ರ ‘ಡ್ರಾಕುಲಾ’ ಚಲನಚಿತ್ರದಿಂದ ವಿಶ್ವವಿಖ್ಯಾತನಾಗಿ, 1956ರಲ್ಲಿ ತೀರಿಕೊಂಡಾಗ ಆ ಪಾತ್ರದ ಕರಿಯ ನಿಲುವಂಗಿಯನ್ನೇ ತೊಟ್ಟು ಸಮಾಧಿಗೆ ಸಂದ ನಟ ಬೆಲಾ ಲುಗೋಸಿ. ಪಾತ್ರವು ನಟನನ್ನು ನುಂಗಿದ ಈ ವಿಚಿತ್ರ ವಿಧಿಯೇ ಹಾಡಿನ ವಸ್ತು. ಸಾಹಿತ್ಯವನ್ನು ರಚಿಸಿದವರು ಡೇವಿಡ್ ಜೆ. ಮುದ್ರಿಕೆಯ ಮುಖಪುಟಕ್ಕೆ ಆಯ್ದುಕೊಂಡುದು 1926ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ ನಿರ್ದೇಶಿಸಿದ ‘ದಿ ಸಾರೋಸ್ ಆಫ್ ಸೇಟನ್’ ಎಂಬ ಮೂಕಿಚಿತ್ರದ ಒಂದು ದೃಶ್ಯವನ್ನು.

ಈ ಹಾಡಿನ ರಚನೆಯನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಯೋಗ್ಯ; ಏಕೆಂದರೆ ತಂಡದ ಮುಂದಿನ ಕಾರ್ಯದ ಬೀಜವೆಲ್ಲ ಇದರಲ್ಲಿದೆ. ಮೊದಲು ಕೇಳುವುದು ಕೆವಿನ್ ಅವರ ಡ್ರಮ್ಮು: ಬ್ರೆಜಿಲ್ ದೇಶದ ಬೋಸಾನೋವಾ ಗೀತೆಗಳ ಲಯವನ್ನು ಅದರ ಉಲ್ಲಾಸದಿಂದ ಬೇರ್ಪಡಿಸಿ, ಕೋಲಿನ ಒಣ ತಾಡನವಾಗಿ ನುಡಿಸಿದುದು. ಅದರ ಮೇಲೆ ಡೇವಿಡ್ ಜೆ ಅವರ ಬೇಸ್ ಗಿಟಾರು ಕೆಲವೇ ಸ್ವರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅವರೋಹಣ ಮಾಡುವುದು. ಮರಳಿ ಅದೇ ಸ್ವರಗಳು, ಅದೇ ಅವರೋಹಣ. ಆಶ್ ಅವರ ಗಿಟಾರು ರಾಗವನ್ನು ನುಡಿಸುವುದೇ ಇಲ್ಲ. ಪ್ರತಿಧ್ವನಿಯನ್ನು ಹುಟ್ಟಿಸುವ ಯಂತ್ರದ ಮೂಲಕ ಹಾಯ್ದು ಬಂದ ಅದರ ತಂತಿಗಳ ಗೀರು, ಕಿರುಚು, ಮರ್ಮರಗಳು ಅತ್ತಿತ್ತ ಸುಳಿದು ಮರೆಯಾಗುವುವು. ಜಮೈಕಾ ದ್ವೀಪದ ಧ್ವನಿಮುದ್ರಕರು ರೆಗೆ ಹಾಡುಗಳಿಂದ ಗಾಯನವನ್ನೂ ವಾದ್ಯಗಳನ್ನೂ ಒಂದೊಂದಾಗಿ ಕಳಚಿ, ಉಳಿದ ತೆರಪನ್ನು ಪ್ರತಿಧ್ವನಿಯಿಂದ ತುಂಬುತ್ತಿದ್ದ ‘ಡಬ್’ ಎಂಬ ಪದ್ಧತಿಯನ್ನು ಈ ತಂಡದವರು ಬಹಳ ಪ್ರೀತಿಯಿಂದ ಕೇಳಿದ್ದವರು. ಬಿಸಿಲ ನಾಡಿನ ಆ ಪದ್ಧತಿಯೇ ಇಲ್ಲಿ ಶೀತಲವಾದ, ಭೀತಿಜನಕವಾದ ಪ್ರಯೋಜನಕ್ಕೆ ಒದಗಿದೆ. ಇಷ್ಟೆಲ್ಲ ಆಗಿ ಸುಮಾರು ಮೂರು ನಿಮಿಷಗಳು ಕಳೆಯುವವರೆಗೆ ಹಾಡುಗಾರರ ಕಂಠವೇ ಕೇಳಿಸುವುದಿಲ್ಲ. ಕಡೆಗೆ ಮರ್ಫಿಯವರ ಮಂದ್ರಸ್ಥಾಯಿಯ ಗಂಭೀರ ಧ್ವನಿ ಬಂದಾಗ ಅದು ಭಯವನ್ನು ವರ್ಣಿಸುವ ಗೊಡವೆಗೆ ಹೋಗದೆ, ಅಂತ್ಯಕ್ರಿಯೆಯ ದೃಶ್ಯವೊಂದನ್ನು ನಿರ್ಲಿಪ್ತವಾಗಿ ಹೇಳತೊಡಗುವುದು. ಭಯವು ಕಾಣುವ ವಸ್ತುವಿನಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಣದುದರ ನಿರೀಕ್ಷೆಯಲ್ಲಿರುವುದು. ಪಾಳುಮನೆಯನ್ನು ವಿಭಾವವೆಂದು ಎಣಿಸಿದ ಭರತನಿಗೆ ತಿಳಿದಿದ್ದ ಈ ಸತ್ಯವನ್ನು ನಾರ್ತಾಂಪ್ಟನ್ನಿನ ತರುಣರು ತಮ್ಮ ಕಿವಿಯ ವಿವೇಕದಿಂದಲೇ ಕಂಡುಕೊಂಡಿದ್ದರು.

ಮೂರು ನಾಲ್ಕು ನಿಮಿಷಗಳ ಹಾಡುಗಳೇ ರೂಢಿಯಾಗಿದ್ದ ಆ ಕಾಲದಲ್ಲಿ ಒಂಬತ್ತು ನಿಮಿಷಗಳನ್ನು ಮೀರಿದ ಈ ಹಾಡನ್ನು ಧೈರ್ಯವಹಿಸಿ 1979ರ ಆಗಸ್ಟಿನಲ್ಲಿ ಹೊರತಂದುದು, ಲಂಡನ್ನಿನ ವಾಲ್ಥಮ್‌ಸ್ಟೋದ ರೆಕಾರ್ಡು ಅಂಗಡಿಯೊಂದರಿಂದ ಬೆಳೆದ ‘ಸ್ಮಾಲ್ ವಂಡರ್’ ಎಂಬ ಪುಟ್ಟ ಸಂಸ್ಥೆ. ಬಿ.ಬಿ.ಸಿ. ರೇಡಿಯೊದಲ್ಲಿ ಅಜ್ಞಾತ ಕಲಾವಿದರನ್ನು ಹುಡುಕಿ ಹುಡುಕಿ ಕೇಳಿಸುತ್ತಿದ್ದ ಜಾನ್ ಪೀಲ್ ಅವರು ಅದನ್ನು ಪ್ರಸಾರ ಮಾಡಿದರು. ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯದಿದ್ದರೂ, ಸ್ವತಂತ್ರ ಸಂಸ್ಥೆಗಳ ಪಟ್ಟಿಯಲ್ಲಿ ಅದು ಬಹುಕಾಲ ಉಳಿಯಿತು.

ತಂಡದ ಮೊದಲ ಪೂರ್ಣ ಆಲ್ಬಮ್ ‘ಇನ್ ದಿ ಫ್ಲ್ಯಾಟ್ ಫೀಲ್ಡ್’ 1980ರಲ್ಲಿ ‘4ಎ.ಡಿ.’ ಸಂಸ್ಥೆಯಿಂದ ಹೊರಬಂದಿತು. ತಮ್ಮ ಊರಿನ ಏಕತಾನತೆಯಿಂದ ಪಾರಾಗಬೇಕೆಂಬ ತಹತಹವು ಶೀರ್ಷಿಕೆಯ ಹಾಡಿನ ಪ್ರಾಣ. ಲಂಡನ್ನಿನ ಸಂಗೀತಪತ್ರಿಕೆಗಳು ಆಡಂಬರವೆಂದು ಅದನ್ನು ಕಟುವಾಗಿ ಖಂಡಿಸಿದುವು. ಆದರೆ ಕೇಳುಗರು ಅದನ್ನು ಸ್ವತಂತ್ರ ಸಂಸ್ಥೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿಸಿದರು. ಮರುವರ್ಷ ಬಂದ ‘ಮಾಸ್ಕ್’ ಎಂಬ ಆಲ್ಬಮ್ಮಿನ ಮುಖಪುಟಚಿತ್ರವನ್ನು ಬರೆದವರು ಆಶ್ ಅವರೇ. ಅವರು ನುಡಿಸಿದ ಸ್ಯಾಕ್ಸೊಫೋನು, ನೃತ್ಯದ ಲಯಗಳು, ವಿದ್ಯುತ್ತಿನ ಸಹಾಯವಿಲ್ಲದ ಗಿಟಾರಿನ ನಾದ ಇವೆಲ್ಲ ಬೆರೆತು, ಒಂದೇ ರಸದೊಳಗೆ ಎಷ್ಟು ವೈವಿಧ್ಯ ಸಾಧ್ಯವೆಂಬುದನ್ನು ಅದು ತೋರಿಸಿತು. ಡೇವಿಡ್ ಬೋವೀ ಎಂಬ ಹಿರಿಯ ಕಲಾವಿದರ ಅನುಕರಣೆ ಮಾಡುವರೆಂಬ ಆಕ್ಷೇಪವು ಮೊದಲಿನಿಂದಲೂ ಇವರನ್ನು ಬೆನ್ನಟ್ಟಿದ್ದಿತು. 1982ರಲ್ಲಿ ಇವರು ಬೋವೀಯವರ ‘ಜಿಗ್ಗಿ ಸ್ಟಾರ್‌ಡಸ್ಟ್’ ಹಾಡನ್ನೇ ನಿಸ್ಸಂಕೋಚವಾಗಿ ನುಡಿಸಿ ಪ್ರಕಟಿಸಿ, ಋಣವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದರ ಮೂಲಕ ಆ ಆಕ್ಷೇಪಕ್ಕೆ ಉತ್ತರ ಕೊಟ್ಟರು. ಬ್ರಿಟನ್ನಿನ ಪಟ್ಟಿಯಲ್ಲಿ 15ನೆಯ ಸ್ಥಾನಕ್ಕೇರಿದ ಅದೇ ಅವರ ಅತ್ಯಂತ ಜನಪ್ರಿಯ ಹಾಡಾಯಿತು. ಅದೇ ವರ್ಷದ ‘ದಿ ಸ್ಕೈಸ್ ಗಾನ್ ಔಟ್’ ಆಲ್ಬಮ್ 4ನೆಯ ಸ್ಥಾನವನ್ನು ಮುಟ್ಟಿತು.

ಇವರ ಕಛೇರಿಗಳಲ್ಲಿ ಬೆಳಕಿನ ಪಾತ್ರವು ವಾದ್ಯಗಳ ಪಾತ್ರಕ್ಕಿಂತ ಕಡಿಮೆಯದಾಗಿರಲಿಲ್ಲ. ಬಣ್ಣದ ದೀಪಗಳ ವೈಭವವನ್ನು ತೊರೆದು, ಪ್ರಖರವಾದ ಬಿಳಿಯ ಬೆಳಕನ್ನೂ ಗಾಢವಾದ ನೆರಳನ್ನೂ ಎದುರುಬದುರಾಗಿ ನಿಲ್ಲಿಸಿ, ಜರ್ಮನಿಯ ಮೂಕಿಚಿತ್ರಗಳ ಛಾಯಾಲೋಕವನ್ನು ವೇದಿಕೆಯ ಮೇಲೆ ಪುನಃ ಸೃಷ್ಟಿಸಿದರು. ಕೃಶಕಾಯರೂ ಉನ್ನತಕಾಯರೂ ಆದ ಮರ್ಫಿಯವರ ಆಂಗಿಕಾಭಿನಯವು ಆ ಬೆಳಕಿನಲ್ಲಿ ಹಾಡಿನ ಅರ್ಥವನ್ನು ಇಮ್ಮಡಿಸುತ್ತಿದ್ದಿತು. ಟೋನಿ ಸ್ಕಾಟ್ ಅವರು ನಿರ್ದೇಶಿಸಿ 1983ರಲ್ಲಿ ತೆರೆಕಂಡ, ಕ್ಯಾಥರೀನ್ ಡೆನೂವ್ ಮತ್ತು ಬೋವೀ ನಟಿಸಿದ ‘ದಿ ಹಂಗರ್’ ಚಲನಚಿತ್ರದ ಆರಂಭದಲ್ಲಿ, ಲಂಡನ್ನಿನ ನೃತ್ಯಶಾಲೆಯೊಂದರ ತಂತಿಬಲೆಯ ಹಿಂದೆ ನಿಂತು ಲುಗೋಸಿಯ ಹಾಡನ್ನು ಹಾಡುವ ಮರ್ಫಿಯವರನ್ನು ಕಾಣಬಹುದು. ಯಾರ ಅನುಕರಣೆಯ ಆರೋಪವಿದ್ದಿತೋ ಅವರ ಚಿತ್ರಕ್ಕೇ ಇವರ ಹಾಡು ನಾಂದಿಯಾಯಿತು.

ಉತ್ಕರ್ಷದ ಈ ಘಟ್ಟದಲ್ಲಿಯೇ ವಿಘಟನೆಯೂ ಕಾದಿದ್ದಿತು. ನಾಲ್ಕನೆಯ ಆಲ್ಬಮ್ಮಾದ ‘ಬರ್ನಿಂಗ್ ಫ್ರಮ್ ದಿ ಇನ್‌ಸೈಡ್’ ಸಿದ್ಧವಾಗುತ್ತಿದ್ದಾಗ ಮರ್ಫಿಯವರು ನ್ಯುಮೋನಿಯಾ ರೋಗಕ್ಕೆ ತುತ್ತಾದರು. ಅವರ ಗೈರುಹಾಜರಿಯಲ್ಲಿ ಉಳಿದ ಮೂವರೂ ಕೆಲಸವನ್ನು ಮುಂದುವರಿಸಿ, ಕೆಲವು ಹಾಡುಗಳನ್ನು ಆಶ್ ಮತ್ತು ಡೇವಿಡ್ ಜೆ ಅವರೇ ಹಾಡಿದರು. ಗುಣಮುಖರಾಗಿ ಬಂದ ಹಾಡುಗಾರರಿಗೂ ಅವರಿಲ್ಲದೆಯೂ ಮುಂದುವರಿಯಬಲ್ಲೆವೆಂದು ಕಂಡುಕೊಂಡಿದ್ದ ಸಂಗಡಿಗರಿಗೂ ನಡುವೆ ಬಿರುಕು ಬೆಳೆಯಿತು. 1983ರ ಜುಲೈ 5ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಪ್ಯಾಲೆಯಲ್ಲಿ ಕಡೆಯ ಕಛೇರಿಯನ್ನು ನಡೆಸಿ ತಂಡವು ಚದುರಿತು. ಆಲ್ಬಮ್ ಬಿಡುಗಡೆಯಾದಾಗ ಅದನ್ನು ನುಡಿಸಿದ ತಂಡವೇ ಇರಲಿಲ್ಲ. ಮೊದಲ ಕಛೇರಿಯಿಂದ ಕಡೆಯದರವರೆಗೆ ಐದು ವರ್ಷಗಳೂ ತುಂಬಿರಲಿಲ್ಲ.

ಅನಂತರದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಆಶ್, ಡೇವಿಡ್ ಜೆ, ಕೆವಿನ್ ಮೂವರೂ 1985ರಲ್ಲಿ ‘ಲವ್ ಅಂಡ್ ರಾಕೆಟ್ಸ್’ ಎಂಬ ತಂಡವಾಗಿ ಮತ್ತೆ ಕೂಡಿದರು. 1989ರಲ್ಲಿ ಅವರ ‘ಸೋ ಅಲೈವ್’ ಹಾಡು ಅಮೆರಿಕದ ಪಟ್ಟಿಯಲ್ಲಿ 3ನೆಯ ಸ್ಥಾನವನ್ನು ಪಡೆಯಿತು. ಮರ್ಫಿಯವರು ಏಕಾಂಗಿಯಾಗಿ ಹಾಡುತ್ತ, 1990ರ ‘ಕಟ್ಸ್ ಯೂ ಅಪ್’ ಹಾಡಿನಿಂದ ಅಮೆರಿಕದಲ್ಲಿ ಹೆಸರಾದರು. ಮುಂದೆ ತುರ್ಕಿ ದೇಶದಲ್ಲಿ ನೆಲೆಸಿ ಸೂಫಿ ಮಾರ್ಗದ ಕಡೆಗೆ ಒಲಿದರು. 1998ರಲ್ಲಿಯೂ 2005ರಲ್ಲಿಯೂ ನಾಲ್ವರು ಪುನಃ ಒಂದಾದರು. ಕ್ಯಾಲಿಫೋರ್ನಿಯದ ಕೋಚೆಲ್ಲಾ ಉತ್ಸವದಲ್ಲಿ ಮರ್ಫಿಯವರು ಬಾವಲಿಯಂತೆ ತಲೆಕೆಳಗಾಗಿ ತೂಗುತ್ತ ಲುಗೋಸಿಯ ಹಾಡನ್ನು ಹಾಡಿದುದು 2005ರಲ್ಲಿ. 18 ದಿನಗಳಲ್ಲಿ ಮುದ್ರಿತವಾದ ‘ಗೋ ಅವೇ ವೈಟ್’ ಆಲ್ಬಮ್ 2008ರಲ್ಲಿ ಹೊರಬಂದಿತು. 2019ರಲ್ಲಿ ಹಾಲಿವುಡ್ಡಿನಲ್ಲಿ ಮತ್ತೊಮ್ಮೆ ಕಛೇರಿ ನಡೆಸಿ, 2022ರಲ್ಲಿ ಒಂದು ಹೊಸ ಹಾಡನ್ನೂ ಪ್ರಕಟಿಸಿದರು. ಪುನರ್ಮಿಲನಗಳು ಅಭಿಮಾನಿಗಳಿಗೆ ಸಂತೋಷವನ್ನು ತಂದುವು. ಆದರೆ ತಂಡದ ಕೀರ್ತಿಯು ನಿಂತಿರುವುದು 1979ರಿಂದ 1983ರವರೆಗಿನ ಕೃತಿಗಳ ಮೇಲೆಯೇ.

ಗಾಥ್ ರಾಕ್ ಎಂಬುದು ಬೌಹೌಸ್ ತಂಡವೊಂದರಿಂದಲೇ ಹುಟ್ಟಿತೆಂದರೆ ಅತಿಶಯೋಕ್ತಿಯಾದೀತು. ಲಂಡನ್ನಿನ ಸೂಸಿ ಅಂಡ್ ದಿ ಬ್ಯಾನ್‌ಶೀಸ್, ಕ್ರಾಲಿ ಪಟ್ಟಣದ ದಿ ಕ್ಯೂರ್, ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ಇವರೂ ಅದೇ ಕಾಲದಲ್ಲಿ ಅದೇ ಛಾಯೆಯ ಕಡೆಗೆ ನಡೆದವರು. ಸ್ವಲ್ಪ ತಡವಾಗಿ ಲೀಡ್ಸ್ ನಗರದ ದಿ ಸಿಸ್ಟರ್ಸ್ ಆಫ್ ಮರ್ಸಿ ತಂಡವು ಆ ಮಾರ್ಗವನ್ನು ವಿಸ್ತರಿಸಿತು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ‘ಬ್ಯಾಟ್‌ಕೇವ್’ ಎಂಬ ಕ್ಲಬ್ಬು ತೆರೆದ ಮೇಲೆ ಕರಿಯ ಉಡುಪು, ಬಿಳುಚಿದ ಮುಖಲೇಪ, ಕೆದರಿದ ಕೇಶಗಳ ಒಂದು ತರುಣಸಮುದಾಯವೇ ರೂಪುಗೊಂಡಿತು. ವೇಷವನ್ನು ಮಾತ್ರ ಕಂಡು, ಇದು ಮರಣದ ಆರಾಧನೆಯೆಂದೋ ಮನಸ್ಸಿನ ರೋಗವೆಂದೋ ತೀರ್ಮಾನಿಸುವವರು ಅಂದೂ ಇದ್ದರು, ಇಂದೂ ಇರುವರು. ಅವರು ಕಾರಣವನ್ನು ಕಾಣಲಿಲ್ಲ. ಮರಣ, ಏಕಾಕಿತನ, ಅಂಧಕಾರ ಇವು ತಾರುಣ್ಯದಲ್ಲಿಯೂ ಮನುಷ್ಯನನ್ನು ಕಾಡುವುವು. ಅವನ್ನು ಅಡಗಿಸಿಡದೆ, ಲಯಬದ್ಧವಾದ ರೂಪವನ್ನು ಕೊಟ್ಟು ಹತ್ತು ಜನರ ನಡುವೆ ನಿಂತು ಹಾಡುವುದು ಆರೋಗ್ಯದ ಲಕ್ಷಣವೇ ಹೊರತು ರೋಗದ್ದಲ್ಲ.

ಅನುಯಾಯಿಗಳಲ್ಲಿ ಬಹುಮಂದಿ ಬೌಹೌಸ್ ತಂಡದಿಂದ ಕಲಿತುದು ಕಪ್ಪುಬಣ್ಣವನ್ನು. ಕಲಿಯಬೇಕಾಗಿದ್ದುದು ಅದರ ಸಂಯಮವನ್ನು. ಸ್ವರಗಳನ್ನು ಪೇರಿಸಿ ಹೆದರಿಸುವುದು ಸುಲಭ. ಸ್ವರಗಳನ್ನು ಹಿಂತೆಗೆದು, ತೆರಪನ್ನೇ ವಾದ್ಯವನ್ನಾಗಿ ಮಾಡಿ, ಕೇಳುಗನ ಕಲ್ಪನೆಯನ್ನೇ ಸಹಗಾಯಕನನ್ನಾಗಿ ಮಾಡಿಕೊಳ್ಳುವುದು ಕಷ್ಟ. ಆ ಕಷ್ಟವಾದುದನ್ನು ಇಪ್ಪತ್ತರ ಆಸುಪಾಸಿನ ನಾಲ್ವರು, ಸಾಧಾರಣವಾದ ಊರಿನಲ್ಲಿ, ಸಾಧಾರಣವಾದ ಸಲಕರಣೆಗಳಿಂದ ಸಾಧಿಸಿದರು. ಪಾಶ್ಚಾತ್ಯ ರಾಕ್ ಸಂಗೀತವೆಂದರೆ ಅಬ್ಬರವೆಂದೇ ಭಾವಿಸಿ ದೂರವಿರುವ ವಾಚಕರು ‘ಬೆಲಾ ಲುಗೋಸೀಸ್ ಡೆಡ್’ ಹಾಡನ್ನು, ಮೊದಲ ಮೂರು ನಿಮಿಷಗಳನ್ನು ದಾಟಿಸಿ ಮುಂದೆ ಹೋಗದೆ, ಆದಿಯಿಂದ ಅಂತ್ಯದವರೆಗೆ ಒಂದೇ ಆಸನದಲ್ಲಿ ಕುಳಿತು ಕೇಳಬೇಕೆಂದೂ, ಅದು ಹಿಡಿಸಿದಲ್ಲಿ ‘ಮಾಸ್ಕ್’ ಆಲ್ಬಮ್ಮಿಗೆ ಮುಂದುವರಿಯಬೇಕೆಂದೂ ಪ್ರಾರ್ಥನೆ. ರಸಾಸ್ವಾದನೆಯ ಅಭ್ಯಾಸವುಳ್ಳ ಕನ್ನಡಿಗರಿಗೆ ಆ ಒಂಬತ್ತು ನಿಮಿಷಗಳು ವ್ಯರ್ಥವಾಗಲಾರವು.