ಪ್ರತಿಯ ಪೆಟ್ಟಿಗೆ ಎಷ್ಟು ಭದ್ರ?

ಬರೆದಿಟ್ಟದ್ದು ಅಳಿಯಬಾರದೆಂಬ ಆಶೆ ಬರವಣಿಗೆಯಷ್ಟೇ ಹಳೆಯದು. ಅದಕ್ಕೆ ಮನುಷ್ಯನು ಕಂಡುಕೊಂಡ ಉಪಾಯವೂ ಹಳೆಯದೇ: ಪ್ರತಿ ತೆಗೆದು ಬೇರೊಂದೆಡೆ ಇಡುವುದು. ಈ ಉಪಾಯದ ಬೆಲೆಯನ್ನರಿಯಲು ನಾವು ಬಹು ದೂರ ಹೋಗಬೇಕಾಗಿಲ್ಲ. ಕಲ್ಲಡ್ಕದಿಂದ ಬಂಟ್ವಾಳವನ್ನು ದಾಟಿ ಉತ್ತರಕ್ಕೆ ಸಾಗಿದರೆ ಮೂಡುಬಿದಿರೆ ಸಿಗುತ್ತದೆ. ಜೈನರ ಸಿದ್ಧಾಂತ ಗ್ರಂಥವಾದ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ‘ಧವಲಾ’ ಟೀಕೆಯ ಪ್ರಾಚೀನ ತಾಳೆಯೋಲೆಯ ಪ್ರತಿಗಳು ಇಡೀ ಭರತಖಂಡದಲ್ಲಿ ಇಲ್ಲಿಯ ಸಿದ್ಧಾಂತ ಬಸದಿಯೊಂದರಲ್ಲಿಯೇ ಉಳಿದಿದ್ದವು. ಅವುಗಳಿಂದ ನಕಲು ತೆಗೆಯುವ ಕಾರ್ಯ ೧೯ನೆಯ ಶತಮಾನದ ಕೊನೆಯಲ್ಲಿ ಮೊದಲಾಯಿತು. ೧೯೩೯ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಮೊದಲ ನಕಲು ಬಸದಿಯ ಹೊರಗೆ ಹೋಗುವ ತನಕ ಆ ಗ್ರಂಥದ ಆಯುಷ್ಯ ಒಂದೇ ಕಟ್ಟಡದ ಆಯುಷ್ಯವನ್ನು ನಂಬಿಕೊಂಡಿತ್ತು. ಒಂದು ಬೆಂಕಿಯೋ ಗೆದ್ದಲಿನ ಒಂದು ದಂಡೋ ಅದನ್ನು ಮುಗಿಸಿಬಿಡಬಹುದಾಗಿತ್ತು.

ಈಗ ಓಲೆಯ ಸ್ಥಾನವನ್ನು ಡಿಸ್ಕ್ ಆಕ್ರಮಿಸಿದೆ. ಮದುವೆಯ ಚಿತ್ರಗಳು, ಅಂಗಡಿಯ ಲೆಕ್ಕ, ಶಾಲೆಯ ಅಂಕಪಟ್ಟಿ, ಯಕ್ಷಗಾನದ ಧ್ವನಿಮುದ್ರಣ—ಎಲ್ಲವೂ ಗಣಕದಲ್ಲಿ ಸೇರಿವೆ. ಇವುಗಳ ಪ್ರತಿಯನ್ನು ಕಾಪಿಡಲು ಅನೇಕರು ‘ನಾಸ್’ ಎಂಬ ಪುಟ್ಟ ಪೆಟ್ಟಿಗೆಯನ್ನು ಕೊಂಡಿಡುತ್ತಾರೆ. ಈ ಪೆಟ್ಟಿಗೆ ನಿಜವಾಗಿಯೂ ಎಷ್ಟು ಭದ್ರ ಎಂಬುದನ್ನು ವಿಚಾರಿಸೋಣ.

ಪೆಟ್ಟಿಗೆಯ ಒಳಗೆ

ನಾಸ್ ಎಂದರೆ ನೆಟ್‌ವರ್ಕಿಗೆ ಜೋಡಿಸಿದ ಸಂಗ್ರಹ ಪೆಟ್ಟಿಗೆ. ಅದು ಬರಿಯ ಡಿಸ್ಕುಗಳ ಗೂಡಲ್ಲ. ತನ್ನದೇ ಆದ ಪ್ರೊಸೆಸರ್, ತನ್ನದೇ ಆದ ತಂತ್ರಾಂಶ ಉಳ್ಳ ಪೂರ್ಣ ಗಣಕವೇ ಸರಿ. ಅದರೊಳಗಿನ ಡಿಸ್ಕು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತದೆ. ಓದುವ ತಲೆಯು ಅದರ ಮೇಲ್ಮೈಗಿಂತ ಕೆಲವೇ ನ್ಯಾನೊಮೀಟರು ಎತ್ತರದಲ್ಲಿ ತೇಲುತ್ತದೆ. ಇಂಥ ಸೂಕ್ಷ್ಮ ಯಂತ್ರವು ಒಂದು ದಿನ ಕೆಡುವುದು ಸಹಜ. ಆದುದರಿಂದ ಪೆಟ್ಟಿಗೆಯಲ್ಲಿ ಹಲವು ಡಿಸ್ಕುಗಳನ್ನಿಟ್ಟು ‘ರೇಡ್’ ಎಂಬ ಏರ್ಪಾಡನ್ನು ಮಾಡಿರುತ್ತಾರೆ.

ಅದರ ಒಂದು ಬಗೆ ಹೀಗಿದೆ. ಮೊದಲ ಡಿಸ್ಕಿನಲ್ಲಿ ೧೦೧೧, ಎರಡನೆಯದರಲ್ಲಿ ೦೧೧೦ ಇವೆಯೆನ್ನಿ. ಒಂದೊಂದು ಸ್ಥಾನವನ್ನೂ ಹೋಲಿಸಿ, ಅಂಕಿಗಳು ಒಂದೇ ಆಗಿದ್ದರೆ ೦, ಬೇರೆಯಾಗಿದ್ದರೆ ೧ ಎಂದು ಮೂರನೆಯ ಡಿಸ್ಕಿನಲ್ಲಿ ಬರೆದರೆ ಅಲ್ಲಿ ೧೧೦೧ ಬರುತ್ತದೆ. ಎರಡನೆಯ ಡಿಸ್ಕು ಸತ್ತಿತೆನ್ನಿ. ಉಳಿದ ೧೦೧೧, ೧೧೦೧ ಇವುಗಳಿಗೆ ಅದೇ ಸೂತ್ರವನ್ನು ಅನ್ವಯಿಸಿದರೆ ಕಳೆದುಹೋದ ೦೧೧೦ ಮರಳಿ ದೊರೆಯುತ್ತದೆ! ವಾಚಕರು ಕಾಗದದ ಮೇಲೆ ಮಾಡಿ ನೋಡಬಹುದು.

ಒಂದು ಲೋಟ, ಎರಡು ಪದರ

ಉಪಾಯವೇನೋ ಸೊಗಸಾದುದು. ಆದರೆ ಇದು ಪ್ರತಿಯಲ್ಲ. ಕಲ್ಲಡ್ಕದ ಹೆಸರುವಾಸಿ ಕೆ.ಟಿ. ಚಹವನ್ನು ಎಲ್ಲರೂ ಬಲ್ಲರು. ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಕಪ್ಪು ಚಹದ ಕಷಾಯ ಬೇರೆ ಬೇರೆ ಪದರಗಳಾಗಿ ನಿಲ್ಲುತ್ತವೆ. ಪದರ ಎರಡಾದರೂ ಲೋಟ ಒಂದೇ. ಅದು ಉರುಳಿದರೆ ಎರಡೂ ನೆಲದ ಪಾಲು. ಒಂದೇ ಪೆಟ್ಟಿಗೆಯ ಡಿಸ್ಕುಗಳ ಗತಿಯೂ ಇದೇ. ಸಿಡಿಲಿನಿಂದ ವಿದ್ಯುತ್ ತಂತಿಯಲ್ಲಾಗಲಿ ನೆಟ್‌ವರ್ಕಿನ ತಂತಿಯಲ್ಲಾಗಲಿ ಹೆಚ್ಚಿನ ಒತ್ತಡ ಹರಿದು ಬಂದರೆ ಎಲ್ಲ ಡಿಸ್ಕುಗಳೂ ಒಟ್ಟಿಗೆ ಸುಟ್ಟುಹೋಗಬಹುದು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ, ಅಂಕಿ ಹೊಸದು, ಅದರ ತಾಳೆಯಂಕಿ ಹಳೆಯದು ಎಂಬಂತಾಗಿ ಲೆಕ್ಕ ತಪ್ಪುತ್ತದೆ. ಗುಡುಗು ಸಿಡಿಲುಗಳ ಕರಾವಳಿಯಲ್ಲಿ ಇವು ಬರಿಯ ಊಹೆಗಳಲ್ಲ.

ಇನ್ನೊಂದು ಸಂಗತಿಯುಂಟು. ಸತ್ತ ಡಿಸ್ಕಿನ ಬದಲಿಗೆ ಹೊಸದನ್ನಿಟ್ಟಾಗ ಉಳಿದ ಡಿಸ್ಕುಗಳನ್ನು ಆದ್ಯಂತವಾಗಿ ಓದಬೇಕಾಗುತ್ತದೆ. ಅನೇಕ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿ ೧೦ರ ೧೪ನೆಯ ಘಾತದಷ್ಟು ಬಿಟ್ಟುಗಳಿಗೆ ಒಂದು ಓದಲಾಗದ ತಪ್ಪು. ಎಂದರೆ ಸುಮಾರು ೧೨.೫ ಟೆರಾಬೈಟಿಗೆ ಒಂದು. ವಾಸ್ತವದಲ್ಲಿ ಡಿಸ್ಕುಗಳು ಇದಕ್ಕಿಂತ ಚೆನ್ನಾಗಿ ನಡೆಯುವುದುಂಟು. ಆದರೂ ಒಟ್ಟಿಗೆ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳಲ್ಲಿ ಎರಡನೆಯದು ಈ ಶ್ರಮದ ಹೊತ್ತಿನಲ್ಲಿಯೇ ಕೈಕೊಡಬಹುದು.

ಬಾಗಿಲು ತೆರೆದ ಭಂಡಾರ

ಪೆಟ್ಟಿಗೆ ಅಂತರಜಾಲಕ್ಕೆ ತೆರೆದುಕೊಂಡಿದ್ದರೆ ಕಳ್ಳರಿಗೂ ಅದು ಕಾಣಿಸುತ್ತದೆ. ೨೦೨೧ರ ಏಪ್ರಿಲಿನಲ್ಲಿ ‘ಕ್ಯೂಲಾಕರ್’ ಎಂಬ ದುಷ್ಟ ತಂತ್ರಾಂಶವು ಕ್ಯೂನ್ಯಾಪ್ ಕಂಪೆನಿಯ ಪೆಟ್ಟಿಗೆಗಳಿಗೆ ನುಗ್ಗಿ, ಕಡತಗಳನ್ನು ಗುಪ್ತಪದದ ಬೀಗದೊಳಗಿಟ್ಟು, ಬೀಗದ ಕೈಗಾಗಿ ೦.೦೧ ಬಿಟ್‌ಕಾಯಿನ್ ಕೇಳಿತು. ಅದು ಒಳಹೊಕ್ಕ ಬಿರುಕು ಇದ್ದುದು ಪ್ರತಿ ತೆಗೆಯುವ ತಂತ್ರಾಂಶದಲ್ಲಿಯೇ! ಅದೇ ವರ್ಷ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪೆನಿಯ ‘ಮೈ ಬುಕ್ ಲೈವ್’ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದ ಅನೇಕರು ಬೆಳಗಾಗುವಷ್ಟರಲ್ಲಿ ಅವು ಬರಿದಾಗಿರುವುದನ್ನು ಕಂಡರು. ಎಲ್ಲವನ್ನೂ ಅಳಿಸಿ ಪೆಟ್ಟಿಗೆಯನ್ನು ಮೊದಲಿನಂತೆ ಮಾಡುವ ಆಜ್ಞೆಗೆ ಗುಪ್ತಪದವನ್ನು ಕೇಳಬೇಕಾಗಿದ್ದ ಸಾಲುಗಳು ತಂತ್ರಾಂಶದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಕಂಪೆನಿಯು ಆ ಪೆಟ್ಟಿಗೆಗಳ ತಂತ್ರಾಂಶವನ್ನು ಪರಿಷ್ಕರಿಸುವುದನ್ನು ೨೦೧೫ರಲ್ಲಿಯೇ ನಿಲ್ಲಿಸಿತ್ತು. ಡಿಸ್ಕುಗಳು ಗಟ್ಟಿಯಾಗಿದ್ದವು, ಕೆಟ್ಟದ್ದು ಕಾವಲು. ರೇಡ್ ಇಲ್ಲಿ ನಿರುಪಯೋಗಿ, ಏಕೆಂದರೆ ಅಳಿಸು ಎಂಬ ಆಜ್ಞೆಯನ್ನೂ ಅದು ಎಲ್ಲ ಡಿಸ್ಕುಗಳ ಮೇಲೆ ನಿಷ್ಠೆಯಿಂದ ನಡೆಸುತ್ತದೆ.

ಮಾಡಬೇಕಾದುದೇನು?

ಬಲ್ಲವರು ಮೂರು-ಎರಡು-ಒಂದು ಎಂಬ ಸೂತ್ರವನ್ನು ಹೇಳುತ್ತಾರೆ: ಪ್ರತಿಗಳು ಮೂರಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಲಿ. ಇದಕ್ಕೆ ನಾವು ಇನ್ನು ಕೆಲವನ್ನು ಸೇರಿಸುತ್ತೇವೆ. ಒಂದು ಪ್ರತಿಯ ಡಿಸ್ಕನ್ನು, ಕೆಲಸ ಮುಗಿದೊಡನೆ, ತಂತಿಯಿಂದ ಬಿಡಿಸಿ ಇಡಬೇಕು. ಜೋಡಿಸದ ಡಿಸ್ಕಿಗೆ ದೂರದ ಕಳ್ಳನ ಕೈ ತಾಗದು, ತಂತಿಯಲ್ಲಿ ಬರುವ ಸಿಡಿಲೂ ತಾಗದು. ನಾಸ್ ಪೆಟ್ಟಿಗೆಯನ್ನು ನೇರವಾಗಿ ಅಂತರಜಾಲಕ್ಕೆ ತೆರೆಯಬಾರದು. ಅದರ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಯುಪಿಎಸ್ ಇಲ್ಲದೆ ಅದನ್ನು ನಡೆಸಬಾರದು.

ಎಲ್ಲಕ್ಕಿಂತ ಮುಖ್ಯವಾದುದನ್ನು ಬಹುಮಂದಿ ಮರೆಯುತ್ತಾರೆ. ತೆಗೆದಿಟ್ಟ ಪ್ರತಿ ಮರಳಿ ತೆರೆಯುತ್ತದೆಯೇ ಎಂದು ನೋಡಿದವರು ವಿರಳ. ಈ ತಿಂಗಳ ಒಂದು ಭಾನುವಾರ ವಿದ್ಯಾರ್ಥಿಗಳು ತಮ್ಮ ಮನೆಯ ಪ್ರತಿಯಿಂದ ಒಂದು ಹಳೆಯ ಚಿತ್ರವನ್ನು ಆರಿಸಿ, ಬೇರೊಂದು ಗಣಕದಲ್ಲಿ ಅದನ್ನು ತೆರೆದು ನೋಡಲಿ. ತೆರೆದರೆ ಸಂತೋಷ. ತೆರೆಯದಿದ್ದರೆ, ಮೂಲವಿನ್ನೂ ಕೈಯಲ್ಲಿರುವಾಗಲೇ ಅದು ತಿಳಿದುಬಂದುದು ಒಳ್ಳೆಯದಾಯಿತು. ಅಂದೇ ಹೊಸ ಪ್ರತಿ ತೆಗೆಯಲಿ.